ಕ್ಯುರಸಾವ್ ಬೀಚುಗಳಿಗೆ ಒಂದು ದಿನದ ಟೂರ್: ದೊಡ್ಡ ಬಸ್ಸಾ, ಸಣ್ಣ ವ್ಯಾನಾ, ದೋಣಿಯಾ?

ಕೆರಿಬಿಯನ್ ಕಡಲಿನ ಕ್ಯುರಸಾವ್ ದ್ವೀಪಕ್ಕೆ ಹೋಗಿ ಬಂದ ಮೇಲೆ ಗೆಳತಿಯರೆಲ್ಲ ಕೇಳುವುದು ಒಂದೇ. ಬೀಚ್ ನೋಡೋಕೆ ನಮಗೆ ಸಿಗೋದು ಒಂದೇ ದಿನ, ಯಾವ ಟೂರ್ ತಗೊಳ್ಳಲಿ? ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಹೇಳಿ ಈಗ ಬರೆದೇ ಬಿಡೋಣ ಅನಿಸಿತು.

ನಾವು ಹೋಗಿದ್ದು ಫೆಬ್ರವರಿಯಲ್ಲಿ, ನ್ಯೂಜೆರ್ಸಿಯ ಚಳಿ ತಡೆಯಲಾರದೆ. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗ, ಮತ್ತೆ ಕುಂದಾಪುರದಿಂದ ಬಂದಿದ್ದ ಅಮ್ಮ. ಅಮ್ಮನಿಗೆ 66 ವರ್ಷ, ಮಂಡಿ ನೋವು ಇದೆ. ಆರು ದಿನ ಇದ್ದೆವು. ಮೊದಲ ಟೂರ್ ಮುಗಿಸಿ ಬಂದ ರಾತ್ರಿ ಯಾರಿಗೂ ಸಮಾಧಾನವಿರಲಿಲ್ಲ. ಅದಕ್ಕೇ ಇನ್ನೊಂದು ಮಾಡಿದೆವು, ಆಮೇಲೆ ಮತ್ತೊಂದು. ಹಾಗಾಗಿ ಮೂರನ್ನೂ ಪಕ್ಕಪಕ್ಕ ಇಟ್ಟು ಹೇಳಬಲ್ಲೆ.

ಮೊದಲು ಆ ದ್ವೀಪದ ಬಗ್ಗೆ ಸ್ವಲ್ಪ. ಕ್ಯುರಸಾವ್ ಇರುವುದು ವೆನೆಜುವೆಲಾ ಕರಾವಳಿಯಿಂದ ಸುಮಾರು 65 ಕಿಲೋಮೀಟರ್ ಉತ್ತರಕ್ಕೆ. ಉದ್ದ 60 ಕಿಲೋಮೀಟರ್ ಚಿಲ್ಲರೆ. ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿದ ನಾಡು, ಆದರೆ ತನ್ನದೇ ಸರ್ಕಾರವಿದೆ. ಮೈಸೂರು ಇರುವ 12 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲೇ ಇದೂ ಇದೆ. ಅಂದರೆ ತಲೆ ಮೇಲಿನ ಸೂರ್ಯ ನಮ್ಮ ಸೂರ್ಯನೇ. ಮಳೆ ಮಾತ್ರ ನಮ್ಮದಲ್ಲ. ನೆಲ ಪೂರ್ತಿ ಒಣ, ಎಲ್ಲಿ ನೋಡಿದರೂ ಕಂಬಗಳ್ಳಿ. ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ನಲ್ಲಿಯಲ್ಲಿ ಬರುವ ನೀರೂ ಕಡಲಿನದೇ, ಉಪ್ಪು ತೆಗೆದು ಕೊಡುತ್ತಾರೆ.

ಅಲ್ಲಿನ ಕಡಲು ಅಷ್ಟು ತಿಳಿಯಾಗಿರಲು ನದಿ ಇಲ್ಲದಿರುವುದೂ ಒಂದು ಕಾರಣ. ನಮ್ಮ ಗಂಗೊಳ್ಳಿ ಅಳಿವೆಯಲ್ಲಿ ಪಂಚಗಂಗಾವಳಿ ಸೇರುವಾಗ ಮಳೆಗಾಲದಲ್ಲಿ ಕಡಲು ಕೆಂಪಗಾಗುತ್ತದೆ. ಅಲ್ಲಿ ಹಾಗೆ ಮಣ್ಣು ಹೊತ್ತು ತರುವ ಹೊಳೆಯೇ ಇಲ್ಲ. ಸೊಂಟದವರೆಗೆ ನೀರಿಗಿಳಿದು ನಿಂತರೂ ಕಾಲಿನ ಉಗುರು ಕಾಣುತ್ತದೆ. ಅಮ್ಮ ಹುಟ್ಟಿದಾಗಿನಿಂದ ಕಡಲು ನೋಡಿದವರು. ಅವರೂ ಮೊದಲ ಸಲ ಇಳಿದಾಗ "ಎಂಥ ನೀರು ಮಾರಾಯ್ತಿ!" ಅಂತ ಅಲ್ಲೇ ನಿಂತುಬಿಟ್ಟರು.

ಇನ್ನೊಂದು ವಿಷಯ ಗೊತ್ತಿದ್ದರೆ ಟೂರ್ ಆರಿಸುವುದು ಸುಲಭ. ಅಲ್ಲಿ ಗಾಳಿ ಸದಾ ಪೂರ್ವದ ಕಡೆಯಿಂದಲೇ ಬೀಸುತ್ತದೆ. ಉತ್ತರದ ದಂಡೆ ಬರೀ ಬಂಡೆ, ತೆರೆಗಳ ಅಬ್ಬರ, ಈಜುವ ಹಾಗಿಲ್ಲ. ಗಾಳಿಗೆ ಬೆನ್ನು ಮಾಡಿದ ದಂಡೆಯಲ್ಲೇ ಎಲ್ಲ ಬೀಚುಗಳು. ಅದರಲ್ಲೂ ಚೆಂದದವು ಪಶ್ಚಿಮದ ತುದಿಯಲ್ಲಿವೆ. ಆ ಭಾಗವನ್ನು ಬಂಡಾಬೌ ಅನ್ನುತ್ತಾರೆ. ಬಸ್ಸು, ವ್ಯಾನು ಎರಡೂ ಹೋಗುವುದು ಅಲ್ಲಿಗೇ. ದೋಣಿ ಹೋಗುವುದು ಪೂರ್ವದ ತುದಿಯಿಂದಾಚೆ ಇರುವ ಕ್ಲೇನ್ ಕ್ಯುರಸಾವ್ ಎಂಬ ಪುಟ್ಟ ದ್ವೀಪಕ್ಕೆ.

ಮೊದಲ ದಿನ ದೊಡ್ಡ ಬಸ್ಸು. ತಲೆಗೆ 55 ಡಾಲರ್ ಕೊಟ್ಟೆವು. ಎಸಿ ಇತ್ತು, ಸೀಟು ಚೆನ್ನಾಗಿತ್ತು. ಸುಮಾರು 40 ಜನ. ಒಂದೊಂದೇ ಹೋಟೆಲಿಗೆ ಹೋಗಿ ಜನರನ್ನು ಹತ್ತಿಸಿಕೊಳ್ಳುವುದರಲ್ಲೇ ಒಂದೂವರೆ ಗಂಟೆ ಕಳೆಯಿತು. ಗೈಡ್ ಹುಡುಗಿ ಒಳ್ಳೆಯವಳು, ಪಾಪ, ಪ್ರತಿ ಮಾತನ್ನೂ ಡಚ್, ಸ್ಪ್ಯಾನಿಷ್, ಇಂಗ್ಲಿಷ್ ಮೂರರಲ್ಲೂ ಹೇಳಬೇಕಿತ್ತು. ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಮೂರನೇ ಒಂದು ಭಾಗ. ಯಾನ್ ಕೋಕ್ ಹತ್ತಿರದ ಉಪ್ಪಿನ ಗದ್ದೆಯಲ್ಲಿ ಫ್ಲೆಮಿಂಗೋ ಹಕ್ಕಿ ನೋಡಲು ಹತ್ತು ನಿಮಿಷ. ಅದು ಚೆನ್ನಾಗಿತ್ತು. ಆಮೇಲೆ ಕೆನೆಪಾ ಗ್ರಾಂಡಿ.

ದ್ವೀಪದ ಚಿತ್ರಗಳಲ್ಲಿ ಎಲ್ಲ ಕಡೆ ಬರುವ ಬೀಚ್ ಅದೇ. ಡಚ್ಚರು ಗ್ರೋಟೆ ಕ್ನಿಪ್ ಅನ್ನುತ್ತಾರೆ. ಗುಡ್ಡದ ಮೇಲೆ ಬಸ್ಸು ನಿಲ್ಲುತ್ತದೆ, ಕೆಳಗೆ ಬಿಲ್ಲಿನ ಹಾಗೆ ಬಾಗಿದ ದಂಡೆ, ನೀರಿನ ಬಣ್ಣ ನೋಡಿದರೆ ನಂಬಿಕೆ ಬರುವುದಿಲ್ಲ. ಆದರೆ ನಾವು ತಲುಪುವಾಗ ಹನ್ನೊಂದೂವರೆ. ನಮ್ಮ ಹಾಗೆ ಇನ್ನೂ ನಾಲ್ಕು ಬಸ್ಸು ನಿಂತಿದ್ದವು. ನಮಗೆ ಕೊಟ್ಟ ಸಮಯ 45 ನಿಮಿಷ. ಅಮ್ಮನಿಗೆ ಮೆಟ್ಟಿಲು ಇಳಿಯಲು ಹತ್ತು ನಿಮಿಷ, ಹತ್ತಲು ಅದಕ್ಕಿಂತ ಜಾಸ್ತಿ. ಮಗ ಸ್ನಾರ್ಕೆಲ್ (ನೀರಿನಲ್ಲಿ ಮುಖವಿಟ್ಟೇ ಉಸಿರಾಡುವ ಕೊಳವೆ) ಕಟ್ಟಿಕೊಂಡು ಮೀನು ನೋಡಲು ಶುರು ಮಾಡಿದ್ದನಷ್ಟೆ, ಮೇಲಿನಿಂದ ಹಾರ್ನ್ ಕೇಳಿತು. ಅವನು ಒದ್ದೆ ಚಡ್ಡಿಯಲ್ಲೇ ಅಳುತ್ತಾ ಮೆಟ್ಟಿಲು ಹತ್ತಿದ. ನನಗೆ ಆ ದಿನದ್ದು ಜಾಸ್ತಿ ನೆನಪಿರುವುದು ಅದೇ. ಪ್ಲಾಯಾ ಪಿಸ್ಕಾಡೋ ಎಂಬ ಮೀನುಗಾರರ ಬೀಚಿಗೆ ಹೋಗುವಾಗ ಮಧ್ಯಾಹ್ನ ಎರಡು ಗಂಟೆ. ಮೀನುಗಾರರು ಮನೆಗೆ ಹೋಗಿಯಾಗಿತ್ತು.

ಎರಡು ದಿನ ಬಿಟ್ಟು ವ್ಯಾನ್. ಒಟ್ಟು ಎಂಟು ಜನ, ತಲೆಗೆ 85 ಡಾಲರ್. ಓಡಿಸುವವರೂ ಗೈಡೂ ಒಬ್ಬರೇ, ಬಂಡಾಬೌ ಕಡೆಯಲ್ಲೇ ಹುಟ್ಟಿ ಬೆಳೆದ ಐವತ್ತು ದಾಟಿದ ಮನುಷ್ಯ. ಬೆಳಿಗ್ಗೆ ಏಳಕ್ಕೆ ಬಂದವರು ಮೊದಲು ಅಮ್ಮನ ಕಾಲು ನೋಡಿದರು. "ಇವತ್ತು ನಾವು ತಿರುಗಾ ಮುರುಗಾ ಹೋಗೋಣ, ಎಲ್ಲರೂ ಕೊನೆಗೆ ಹೋಗೋ ಕಡೆ ನಾವು ಮೊದಲು" ಅಂದರು. ಎಲ್ಲಿಗೆ ಹೋಗಬೇಕು ಅನ್ನುವುದು ನಮಗೂ ಗೊತ್ತಿತ್ತು. ಎಷ್ಟು ಹೊತ್ತಿಗೆ ಹೋಗಬೇಕು ಅನ್ನುವುದು ಗೊತ್ತಿದ್ದದ್ದು ಅವರಿಗೆ.

ಎಂಟೂವರೆಗೆಲ್ಲ ಪ್ಲಾಯಾ ಪಿಸ್ಕಾಡೋದಲ್ಲಿದ್ದೆವು. ದೋಣಿಗಳು ಆಗಷ್ಟೇ ಬಂದಿದ್ದವು. ಮೀನುಗಾರರು ದಂಡೆಯ ಮೇಲೆ ಮೀನು ಕೊಯ್ದು ತೊಳೆಯುತ್ತಾರೆ, ಕರುಳು ಚೂರುಗಳನ್ನು ನೀರಿಗೆ ಎಸೆಯುತ್ತಾರೆ. ಅದಕ್ಕಾಗಿ ಕಡಲಾಮೆಗಳು ಬರುತ್ತವೆ. ಒಂದೆರಡಲ್ಲ, ನಾವು ಎಣಿಸಿದ್ದೇ ಏಳು. ಮಗ ಅವುಗಳ ಜೊತೆ ತೇಲುತ್ತಾ ಒಂದು ಗಂಟೆ ನೀರಿನಲ್ಲೇ ಇದ್ದ. ಮುಟ್ಟಬಾರದು, ದಾರಿಗೆ ಅಡ್ಡ ಹೋಗಬಾರದು ಅಂತ ಗೈಡ್ ಮೊದಲೇ ಅವನ ಕೈ ಹಿಡಿದು ಹೇಳಿದ್ದರು. ಅಮ್ಮ ನೀರಿಗಿಳಿಯಲಿಲ್ಲ. ಮೀನು ಕೊಯ್ಯುವವರ ಪಕ್ಕ ಕೂತುಬಿಟ್ಟರು. ನಮ್ಮ ಕೆಂಬೇರಿಯಂಥ ಕೆಂಪು ಮೀನು ತೋರಿಸಿ, ಇದಕ್ಕೆ ಏನು ಮಸಾಲೆ ಹಾಕುತ್ತೀರಿ ಅಂತ ಕೇಳಿದರು. ಅಮ್ಮ ಕನ್ನಡದಲ್ಲಿ, ನಾನು ಇಂಗ್ಲಿಷಿನಲ್ಲಿ, ಗೈಡ್ ಪಾಪಿಯಾಮೆಂಟುವಿನಲ್ಲಿ. ಆ ಮಾತುಕತೆ ಅರ್ಧ ಗಂಟೆ ನಡೆಯಿತು. ಪೋರ್ಚುಗೀಸ್, ಸ್ಪ್ಯಾನಿಷ್, ಡಚ್, ಆಫ್ರಿಕಾದ ನುಡಿಗಳು ಬೆರೆತು ಆದ ಭಾಷೆ ಪಾಪಿಯಾಮೆಂಟು, ಅಲ್ಲಿನವರ ಮನೆಮಾತು. ಹೊರಡುವಾಗ ಅಮ್ಮ "ಡಂಕಿ" ಅಂದರು, ಧನ್ಯವಾದಕ್ಕೆ ಅವರ ಮಾತು. ಆ ಮೀನುಗಾರರ ಮುಖ ಅರಳಿದ್ದು ನೋಡಬೇಕಿತ್ತು.

ಅಲ್ಲಿಂದ ಪ್ಲಾಯಾ ಲಾಗುನ್. ಎರಡು ಕಡೆ ಕಡಿದಾದ ಬಂಡೆ, ನಡುವೆ ಸಣ್ಣ ದಂಡೆ, ನೀರು ಕೆರೆಯ ಹಾಗೆ ಶಾಂತ. ವಯಸ್ಸಾದವರು, ಈಜು ಬಾರದವರು ಜೊತೆಗಿದ್ದರೆ ಹೋಗಬೇಕಾದ ಬೀಚ್ ಅಂದರೆ ಇದೇ. ಅಮ್ಮ ಲೈಫ್ ಜಾಕೆಟ್ ಹಾಕಿಕೊಂಡು, ಗೈಡ್ ಕೈ ಹಿಡಿದು, ಮೊದಲ ಸಲ ಮಾಸ್ಕ್ ಹಾಕಿ ನೀರೊಳಗೆ ನೋಡಿದರು. ಅರವತ್ತಾರು ವರ್ಷ ಕಡಲ ಪಕ್ಕ ಬದುಕಿದವರು ಕಡಲೊಳಗೆ ಏನಿದೆ ಅಂತ ಆ ದಿನ ನೋಡಿದ್ದು. ಹಳದಿ ಪಟ್ಟೆಯ ಪುಟ್ಟ ಮೀನುಗಳ ಬಗ್ಗೆ ಊರಿಗೆ ಫೋನ್ ಮಾಡಿದಾಗಲೆಲ್ಲ ಈಗಲೂ ಹೇಳುತ್ತಾರೆ.

ಊಟಕ್ಕೆ ರಸ್ತೆ ಬದಿಯ ಮನೆಯೂಟದ ಜಾಗ. ನಾವು ಮೂವರು ಮೀನು ತಿನ್ನುತ್ತೇವೆ. ನನ್ನ ಗಂಡ ತಿನ್ನುವುದಿಲ್ಲ. ಅವರಿಗೆ ಪಸ್ತೇಚಿ ಅನ್ನುವ ಚೀಸ್ ತುಂಬಿ ಕರಿದ ತಿಂಡಿ, ಜೊತೆಗೆ ಫುಂಚಿ ಸಿಕ್ಕಿತು. ಫುಂಚಿ ಅಂದರೆ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ಗಟ್ಟಿ ಮಾಡಿದ್ದು. ಅವರು ಮಂಡ್ಯದವರು. ಒಂದು ತುತ್ತು ಬಾಯಿಗಿಟ್ಟು "ಮುದ್ದೆ ಕಣೋ ಇದು" ಅಂತ ಮಗನಿಗೆ ಹೇಳಿದರು.

ಕೆನೆಪಾ ಗ್ರಾಂಡಿಗೆ ಹೋಗಿದ್ದು ಮಧ್ಯಾಹ್ನ ಎರಡೂವರೆಗೆ, ಬಸ್ಸುಗಳೆಲ್ಲ ಹೋದ ಮೇಲೆ. ಆದರೆ ಬೀಚಿಗೆ ಮೊದಲು ಗೈಡ್ ಗುಡ್ಡದ ಮೇಲಿನ ಹಳೆಯ ತೋಟದ ಬಂಗಲೆಯ ಹತ್ತಿರ ವ್ಯಾನ್ ನಿಲ್ಲಿಸಿದರು. 1795ರ ಆಗಸ್ಟ್ 17ರಂದು ಈ ತೋಟದ ಗುಲಾಮರು ಇನ್ನು ಕೆಲಸ ಮಾಡುವುದಿಲ್ಲ ಅಂತ ಒಡೆಯನ ಮುಂದೆ ನಿಂತರು. ಮುಂದಾಳು ಟುಲಾ ಎಂಬವನು. ತೋಟದಿಂದ ತೋಟಕ್ಕೆ ದಂಗೆ ಹಬ್ಬಿತು. ಡಚ್ಚರು ಅದನ್ನು ಹತ್ತಿಕ್ಕಿ, ಅಕ್ಟೋಬರ್ 3ರಂದು ಟುಲಾನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಡಚ್ ವಸಾಹತುಗಳಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾಗಿದ್ದು 1863ರ ಜುಲೈ 1ಕ್ಕೆ. ಆಗಸ್ಟ್ 17 ಇವತ್ತೂ ಅಲ್ಲಿ ಸ್ಮರಣೆಯ ದಿನ. ಇದನ್ನು ಹೇಳುವಾಗ ಆ ಮನುಷ್ಯನ ದನಿ ತಗ್ಗಿತು. ನಾವೂ ಯಾರೂ ಮಾತಾಡಲಿಲ್ಲ. ಎರಡು ದಿನದ ಹಿಂದೆ ಇದೇ ಜಾಗದಲ್ಲಿ 45 ನಿಮಿಷ ಇದ್ದು ಹೋಗಿದ್ದೆವು, ಟುಲಾ ಹೆಸರನ್ನೂ ಕೇಳಿರಲಿಲ್ಲ. ಅಷ್ಟು ಚೆಂದದ ನೀರಿನ ಪಕ್ಕದಲ್ಲಿ ಅಂಥದ್ದು ನಡೆದಿತ್ತು ಅಂತ ಗೊತ್ತಾದ ಮೇಲೆ ಆ ಮೆಟ್ಟಿಲು ಇಳಿಯುವುದೇ ಬೇರೆ. ಗೈಡ್‌ಗೆ ದುಡ್ಡು ಕೊಡುವುದು ಇದಕ್ಕೇ ಅಲ್ವಾ?

ಕೊನೆಯದು ದೋಣಿ. ಕ್ಲೇನ್ ಕ್ಯುರಸಾವ್‌ಗೆ ತಲೆಗೆ 120 ಡಾಲರ್, ಊಟ ಸೇರಿ. ಅಮ್ಮನನ್ನು ಕರೆದುಕೊಂಡು ಹೋಗಬೇಡಿ ಅಂತ ವ್ಯಾನಿನವರೇ ಹೇಳಿದ್ದರು. ಹೋಗುವಾಗ ಗಾಳಿಗೂ ಸೆಳೆತಕ್ಕೂ ಎದುರಾಗಿ ಹೋಗಬೇಕು. ಎರಡು ಗಂಟೆ ದೋಣಿ ಎದ್ದು ಎದ್ದು ಬೀಳುತ್ತದೆ. ನನ್ನ ಗಂಡ ಪೂರ್ತಿ ಎರಡು ಗಂಟೆ ಹಿಂದಿನ ಕಂಬಿ ಹಿಡಿದು ವಾಂತಿ ಮಾಡಿದರು. ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಹತ್ತಿದ ಮೇಲಲ್ಲ. ಬರುವಾಗ ಗಾಳಿ ಬೆನ್ನಿಗೆ, ಮಗ ಡೆಕ್ ಮೇಲೆ ಮಲಗಿ ನಿದ್ದೆ ಮಾಡಿದ.

ಆದರೆ ತಲುಪಿದ ಮೇಲೆ! ಪಶ್ಚಿಮದ ಬೀಚುಗಳಲ್ಲಿ ಮರಳಿನ ಜೊತೆ ಹವಳದ ಚೂರುಗಳು ಕಾಲಿಗೆ ಚುಚ್ಚುತ್ತವೆ. ಇಲ್ಲಿ ಹಿಟ್ಟಿನಂಥ ಬಿಳಿ ಮರಳು, ಉದ್ದಕ್ಕೂ. ಖಾಯಂ ಆಗಿ ಯಾರೂ ವಾಸವಿಲ್ಲ. ಮೀನುಗಾರರ ಕೆಲವು ಗುಡಿಸಲು, ದೋಣಿಯವರ ಗರಿ ಚಪ್ಪರ, ನಡುವೆ ಬಣ್ಣ ಮಾಸಿದ ಹಳೆಯ ಲೈಟ್‌ಹೌಸ್. ಗಾಳಿಯ ಕಡೆಯ ದಂಡೆಯಲ್ಲಿ ತುಕ್ಕು ಹಿಡಿದು ಮುರಿದು ಬಿದ್ದ ಹಡಗು. 1871ರಲ್ಲಿ ಇಲ್ಲಿ ಫಾಸ್ಫೇಟ್ ಇರುವುದು ಗೊತ್ತಾಗಿ ಅಗೆದು ಸಾಗಿಸಿದರು. ಆಡುಗಳು ಇದ್ದ ಹಸಿರನ್ನೂ ಮೇಯ್ದವು. ಅದಕ್ಕೇ ದ್ವೀಪ ಬೋಳು. ಹಾಯಿ ಹಡಗಿನಲ್ಲಿ ತಂದ ಗುಲಾಮರಲ್ಲಿ ಕಾಯಿಲೆ ಬಿದ್ದವರನ್ನು ಮೊದಲು ಇಲ್ಲಿ ಇಳಿಸುತ್ತಿದ್ದರಂತೆ. ನಮ್ಮ ದೋಣಿಯವರು ಇದನ್ನೆಲ್ಲ ಎರಡು ನಿಮಿಷದಲ್ಲಿ ಹೇಳಿ ಮುಗಿಸಿದರು. ಚೆನ್ನಾಗಿ ಈಜುವವರಿಗೆ ಇದಕ್ಕಿಂತ ಒಳ್ಳೆಯ ನೀರು ನಾನು ನೋಡಿಲ್ಲ. ನೆರಳು ಮಾತ್ರ ಬಹಳ ಕಡಿಮೆ. ಸಸ್ಯಾಹಾರಿಗಳಿಗೆ ಬ್ರೆಡ್ಡು, ಸಲಾಡ್ ಅಷ್ಟೆ, ಬುಕ್ ಮಾಡುವಾಗಲೇ ಹೇಳಿಡಿ.

ದುಡ್ಡಿನ ಲೆಕ್ಕ ನೋಡಿ. ಮೂರೂ ಸುಮಾರು ಒಂಬತ್ತು ಗಂಟೆಯ ಟೂರೇ. ಬಸ್ಸಿನಲ್ಲಿ ಬೀಚ್ ಮೇಲೆ ಸಿಕ್ಕಿದ್ದು ಒಂದೂವರೆ ಗಂಟೆ, ವ್ಯಾನಿನಲ್ಲಿ ನಾಲ್ಕೂವರೆ, ದೋಣಿಯಲ್ಲಿ ಐದು. ಬೀಚಿನ ಒಂದು ಗಂಟೆಗೆ ಲೆಕ್ಕ ಹಾಕಿದರೆ ಬಸ್ಸಿಗೆ ಸುಮಾರು 37 ಡಾಲರ್, ವ್ಯಾನಿಗೆ 19, ದೋಣಿಗೆ 24. ಕಡಿಮೆ ರೇಟಿನದ್ದೇ ಕೊನೆಗೆ ದುಬಾರಿ ಬಿತ್ತು. ಬಸ್ಸು ಯಾರಿಗೆ ಸರಿ ಅಂದರೆ, ನೀರಿಗೆ ಇಳಿಯುವುದೇ ಇಲ್ಲ, ಕಿಟಕಿಯಿಂದ ದ್ವೀಪ ನೋಡಿದರೆ ಸಾಕು ಅನ್ನುವವರಿಗೆ. ಕಾರು ಬಾಡಿಗೆಗೆ ಪಡೆದು ನೀವೇ ಹೋಗಬಹುದು, ರಸ್ತೆ ಸುಲಭ. ನಾವು ಹೋದಾಗ ಕೆನೆಪಾ, ಲಾಗುನ್ ಎರಡಕ್ಕೂ ಟಿಕೆಟ್ ಇರಲಿಲ್ಲ. ಕಾರಿನಲ್ಲಿ ಚೀಲ, ಫೋನ್ ಏನನ್ನೂ ಬಿಟ್ಟು ಹೋಗಬೇಡಿ.

ಹಾಗೆ ನೀವೇ ಹೋಗುವುದಾದರೆ ಒಂದು ಮರದ ಬಗ್ಗೆ ದಯವಿಟ್ಟು ನೆನಪಿಟ್ಟುಕೊಳ್ಳಿ. ವ್ಯಾನಿನವರು ತೋರಿಸದಿದ್ದರೆ ನಮಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಮಾನ್ಸಲಿನ್ಯಾ ಅನ್ನುತ್ತಾರೆ. ದಂಡೆಯಲ್ಲಿ ಒಳ್ಳೆಯ ನೆರಳು ಕೊಡುವ ಮರ, ಸಣ್ಣ ಹಸಿರು ಸೇಬಿನಂಥ ಹಣ್ಣು. ಹಣ್ಣು ವಿಷ, ಹಾಲು ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಮಳೆ ಬಂದಾಗ ಅದರ ಕೆಳಗೆ ನಿಲ್ಲಲೇಬಾರದು, ಎಲೆಯಿಂದ ಇಳಿದ ನೀರೂ ಸುಡುತ್ತದೆ. ಮಗ ಬಿದ್ದ ಹಣ್ಣನ್ನು ಎತ್ತಿಕೊಳ್ಳಲು ಬಗ್ಗಿದ್ದ. ಅವರು ಓಡಿ ಬಂದು ಅವನನ್ನು ಎತ್ತಿಕೊಂಡರು.

ಕ್ರೂಸ್ ಹಡಗಿನಲ್ಲಿ ಬಂದು ಒಂದೇ ದಿನ ಇಳಿಯುವವರು ದೋಣಿ ಟೂರ್ ಆರಿಸುವ ಮೊದಲು ಹಡಗು ಹೊರಡುವ ಸಮಯ ನೋಡಿಕೊಳ್ಳಿ. ನಮ್ಮ ದೋಣಿ ವಾಪಸ್ ದಡ ಮುಟ್ಟುವಾಗ ಸಂಜೆ ಐದಾಗಿತ್ತು. ದ್ವೀಪದಲ್ಲೇ ಉಳಿಯುವವರು ಬಂದರಿಗೆ ಹಡಗು ಬರದ ದಿನ ಪಶ್ಚಿಮದ ಬೀಚುಗಳಿಗೆ ಹೋಗಿ. ಯಾವ ದಿನ ಯಾವ ಹಡಗು ಬರುತ್ತದೆ ಅಂತ ಹೋಟೆಲಿನಲ್ಲಿ ಕೇಳಿದರೆ ಹೇಳುತ್ತಾರೆ.