ಬೆನ್ನು ಗುಂಡಿ ಕಡೆ, ಮುಖ ಕಟ್ಟೆ ಕಡೆ: ಮೈಸೂರಿನ ಒಂದು ಮಿನಿ ರ‍್ಯಾಂಪ್ ಕ್ಲಾಸು

ಮಾರ್ಕ್ಸ್ ಮೊದಲೇ ಹೇಳಿಬಿಡುತ್ತೇನೆ. ಸ್ಕೇಟ್‌ಬೋರ್ಡ್, ಅಂದರೆ ನಾಲ್ಕು ಚಕ್ರದ ಹಲಗೆ ಮೇಲೆ ನಿಂತು ಓಡಿಸುವುದನ್ನು, ಕಲಿಸುವ ಹುಡುಗನಿಗೆ ಐದಕ್ಕೆ ಐದು. ಬಾಡಿಗೆಗೆ ಕೊಡುವ ಸಾಮಾನಿಗೆ ಒಂದು, ಅದೂ ಕೈಬಿಡಬಾರದಲ್ಲ ಅಂತ. ರ‍್ಯಾಂಪಿನ ಬಲಗಡೆಗೆ ನಾಲ್ಕು, ಎಡಗಡೆಗೆ ಒಂದೂವರೆ. ಒಂದೇ ರ‍್ಯಾಂಪಿಗೆ ಎರಡೆರಡು ಮಾರ್ಕ್ಸ್ ಯಾಕೆ ಅನ್ನುವುದಕ್ಕೆ ನನ್ನ ಬಲ ಭುಜ ಉತ್ತರ ಹೇಳುತ್ತದೆ, ಸ್ವಲ್ಪ ತಾಳಿ.

ಜಾಗದ ಹೆಸರು ಹಾಕುತ್ತಿಲ್ಲ. ದೂರು ಜಾಸ್ತಿ ಇದೆ, ನಡೆಸುತ್ತಿರುವವರು ಮೂರು ಜನ ಹುಡುಗರು, ಕೈಯಿಂದ ದುಡ್ಡು ಹಾಕಿಕೊಂಡು ನಡೆಸುತ್ತಿದ್ದಾರೆ. ರಿಂಗ್ ರೋಡಿನ ಆಚೆ ಒಂದು ಹಳೇ ಗೋಡೌನು, ಮೇಲೆ ತಗಡು. ಮೈಸೂರಲ್ಲಿ ಬೋರ್ಡ್ ಹಿಡಿದುಕೊಂಡು ಓಡಾಡುವ ಯಾವ ಹುಡುಗನನ್ನು ಕೇಳಿದರೂ ದಾರಿ ಹೇಳುತ್ತಾನೆ. ಆದರೆ "ಸ್ಕೇಟಿಂಗ್ ಕ್ಲಾಸ್ ಎಲ್ಲಿ" ಅಂತ ಮಾತ್ರ ಕೇಳಬೇಡಿ. ಈ ಊರಲ್ಲಿ ಸ್ಕೇಟಿಂಗ್ ಅಂದರೆ ಕಾಲಿಗೆ ಚಕ್ರ ಕಟ್ಟಿಕೊಂಡು ಸುತ್ತುವ ರೋಲರ್ ಸ್ಕೇಟಿಂಗ್ ಅಂತಲೇ ಲೆಕ್ಕ. ಮೊದಲನೇ ಭಾನುವಾರ ಆಟೋದವರು ನನ್ನನ್ನು ಅಂಥದೇ ಒಂದು ರಿಂಕ್ ಮುಂದೆ ಇಳಿಸಿ ಹೊರಟರು. ಒಳಗೆ ಯುಕೆಜಿ ಮಕ್ಕಳು ಸಾಲಾಗಿ ಬಗ್ಗಿಕೊಂಡು ಓಡುತ್ತಿದ್ದರು. ಗೇಟಲ್ಲಿದ್ದ ಅಮ್ಮ "ಮಗು ಎಲ್ಲಿ?" ಅಂತ ಕೇಳಿದರು.

ಮಗು ನಾನೇ. ವಯಸ್ಸು 37, ಊರು ಮಂಡ್ಯ. ಎರಡೂವರೆ ತಿಂಗಳಿಂದ ಪ್ರತಿ ಭಾನುವಾರ ಬೆಳಗಿನ ರೈಲು ಹತ್ತಿ ಮೈಸೂರಿಗೆ ಹೋಗುತ್ತಿದ್ದೇನೆ. ಸುಮಾರು 45 ಕಿಲೋಮೀಟರ್. ರೈಲಲ್ಲಿ ತೊಡೆ ಮೇಲೆ ಬೋರ್ಡ್ ಇಟ್ಟುಕೊಂಡು ಕೂತರೆ ಪಾಂಡವಪುರ ಬರುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಂದು ಸಲ ಒಬ್ಬ ಹಿರಿಯರು, ಪಂಚೆ, ಹೆಗಲ ಮೇಲೆ ಟವೆಲ್, ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡಿ, "ಮಕ್ಕಳ ಆಟ ಅಲ್ವೇನಪ್ಪ ಇದು?" ಅಂದರು. ನನಗೆ ರೋಷ ಬಂತು. "ಇಲ್ಲ ಯಜಮಾನ್ರೇ, ಒಲಿಂಪಿಕ್ಸ್‌ನಲ್ಲಿದೆ. 2021ರಲ್ಲಿ ಟೋಕಿಯೋದಲ್ಲಿ ಜಪಾನಿನ ಮೊಮಿಜಿ ನಿಶಿಯಾ ಅನ್ನೋ ಹುಡುಗಿ ಚಿನ್ನ ಗೆದ್ದಳು, ಅವಳಿಗಾಗ 13 ವರ್ಷ" ಅಂದೆ. ಅವರು ಕಿಟಕಿ ಕಡೆ ತಿರುಗಿ, "ಅದನ್ನೇ ಕಣಪ್ಪ ನಾನೂ ಹೇಳಿದ್ದು" ಅಂದರು. ಶ್ರೀರಂಗಪಟ್ಟಣದ ಸೇತುವೆ ದಾಟುವವರೆಗೆ ನಾನು ಮಾತಾಡಲಿಲ್ಲ. (ಪ್ಯಾರಿಸ್‌ನಲ್ಲಿ 2024ರಲ್ಲಿ ಬ್ರಿಟನ್ ಕಡೆಯಿಂದ ಇಳಿದ ಆ್ಯಂಡಿ ಮ್ಯಾಕ್‌ಡೊನಾಲ್ಡ್‌ಗೆ 51 ವರ್ಷ ಅನ್ನುವುದು ಆಮೇಲೆ ನೆನಪಾಯಿತು. ಹೇಳಬೇಕಾದ ಮಾತು ಯಾವತ್ತೂ ನನಗೆ ಸ್ಟೇಷನ್ ದಾಟಿದ ಮೇಲೇ ಹೊಳೆಯುವುದು.)

ಇನ್ನು ರ‍್ಯಾಂಪಿಗೆ ಬರೋಣ. ಮಿನಿ ರ‍್ಯಾಂಪ್ ಅಂದರೆ ಎದುರುಬದುರು ಎರಡು ಬಾಗಿದ ಇಳಿಜಾರು, ನಡುವೆ ಸಪಾಟು ನೆಲ. ಬಾಣಲೆಯ ನಡುವಿನ ಪಟ್ಟಿಯೊಂದನ್ನು ಕತ್ತರಿಸಿ ಇಟ್ಟ ಹಾಗೆ. ದೊಡ್ಡ ರ‍್ಯಾಂಪ್‌ಗಳಲ್ಲಿ ತುದಿಗೆ ಹೋದರೆ ಗೋಡೆಯ ಹಾಗೆ ನೆಟ್ಟಗಾಗುತ್ತದೆ, ಮಿನಿಯಲ್ಲಿ ಅಲ್ಲಿವರೆಗೆ ಹೋಗುವುದಿಲ್ಲ. ಇಲ್ಲಿಯದು ನಾಲ್ಕಡಿ ಎತ್ತರ. ಕೇಳೋಕೆ ಕಮ್ಮಿ, ಮೇಲೆ ನಿಂತು ಕೆಳಗೆ ನೋಡಿ ಆಮೇಲೆ ಮಾತಾಡಿ. ಎರಡೂ ತುದಿಯಲ್ಲಿ ನಿಲ್ಲುವುದಕ್ಕೆ ಕಟ್ಟೆ, ಕಟ್ಟೆಯ ಅಂಚಿಗೆ ಉದ್ದಕ್ಕೂ ಒಂದು ಕಬ್ಬಿಣದ ಪೈಪು. ಆ ಪೈಪಿಗೆ ಕೋಪಿಂಗ್ ಅಂತಾರೆ. ಹುಡುಗರು ಹಾಕಿರುವುದು ಹಾರ್ಡ್‌ವೇರ್ ಅಂಗಡಿಯ ಎರಡಿಂಚಿನ ಜಿಐ ಪೈಪ್. ಹೆಸರಿಗೆ ಎರಡಿಂಚು, ಹೊರಗಿನ ಅಳತೆ 60 ಎಂಎಂ ಚಿಲ್ಲರೆ. ಕೋಪಿಂಗಿಗೆ ಹೇಳಿ ಮಾಡಿಸಿದ ಅಳತೆ ಅದು, ಹೊರದೇಶದಿಂದ ಏನೂ ತರಿಸಬೇಕಿಲ್ಲ.

ನಾನು ಹೋಗಿದ್ದು ಒಂದೇ ಆಸೆಗೆ: ಫ್ರಂಟ್‌ಸೈಡ್ ಸ್ಟಾಲ್. ರ‍್ಯಾಂಪ್ ಹತ್ತಿ, ತಿರುಗಿ, ಬೋರ್ಡಿನ ಎರಡೂ ಟ್ರಕ್ಕನ್ನು ಪೈಪಿನ ಮೇಲೆ ಕೂರಿಸಿ, ಒಂದು ಗಳಿಗೆ ನಿಂತು, ಮತ್ತೆ ಇಳಿಯುವುದು. ಟ್ರಕ್ ಅಂದರೆ ಲಾರಿ ಅಲ್ಲ, ಚಕ್ರದ ಅಚ್ಚನ್ನು ಹಿಡಿದಿರುವ ಲೋಹದ ಭಾಗ. ಫ್ರಂಟ್‌ಸೈಡ್ ಅನ್ನುವುದು ಅಲೆ ಮೇಲೆ ಸರ್ಫಿಂಗ್ ಮಾಡುವವರಿಂದ ಬಂದ ಮಾತು. ಅಲೆಗೆ ಮುಖ ಮಾಡಿ ಹೋದರೆ ಫ್ರಂಟ್‌ಸೈಡ್, ಬೆನ್ನು ಮಾಡಿದರೆ ಬ್ಯಾಕ್‌ಸೈಡ್. ಇಲ್ಲಿ ಅಲೆ ಬದಲು ಪ್ಲೈವುಡ್.

ಬ್ಯಾಕ್‌ಸೈಡ್ ಸ್ಟಾಲ್ ನನಗೆ ಮೂರು ವಾರಕ್ಕೆ ಬಂತು. ಅದರಲ್ಲಿ ನಿಂತಾಗ ಮುಖ ಗುಂಡಿ ಕಡೆ ಇರುತ್ತದೆ, ಎಲ್ಲಿ ಇಳಿಯಬೇಕು ಅಂತ ಕಣ್ಣಿಗೆ ಕಾಣುತ್ತದೆ. ಫ್ರಂಟ್‌ಸೈಡಲ್ಲಿ ಪೂರಾ ಉಲ್ಟಾ. ಮುಖ ಕಟ್ಟೆ ಕಡೆ, ಬೆನ್ನು ಗುಂಡಿ ಕಡೆ. ಬೆರಳ ಕಡೆಯ ಚಕ್ರ ಕಟ್ಟೆ ಮೇಲೆ, ಹಿಮ್ಮಡಿ ಕಡೆಯ ಚಕ್ರ ಗಾಳಿಯಲ್ಲಿ. ಚಿಕ್ಕವನಿದ್ದಾಗ ತೋಟದ ಬಾವಿಕಟ್ಟೆ ಮೇಲೆ ಬೆನ್ನು ಬಾವಿಗೆ ಹಾಕಿ ನಿಂತರೆ ನಮ್ಮಜ್ಜಿ ಹೇಗೆ ಕೂಗುತ್ತಿದ್ದಳೋ, ಮೈಯೊಳಗೆ ಅದೇ ಥರ ಯಾರೋ ಕೂಗುತ್ತಾರೆ. ಹೆದರಿ ಹಿಂದಕ್ಕೆ ವಾಲಿದಿರೋ, ಮುಗಿಯಿತು.

ಇದನ್ನು ವಿಡಿಯೋ ನೋಡಿ ಕಲಿಯೋಕೆ ಆರು ತಿಂಗಳು ಒದ್ದಾಡಿದ್ದೆ. ಅದರಲ್ಲಿ ಇನ್ನೊಂದು ತಾಪತ್ರಯ: ನಾನು ಬಲಗಾಲು ಮುಂದಿಟ್ಟು ನಿಲ್ಲುವವನು. ಅದಕ್ಕೆ ಗೂಫಿ ಅಂತಾರೆ. ನಾನು ನೋಡಿದ ವಿಡಿಯೋಗಳಲ್ಲೆಲ್ಲ ಎಡಗಾಲು ಮುಂದಿಡುವವರೇ. ಅವರು "ಎಡ ಭುಜದ ಮೇಲಿಂದ ನೋಡಿ" ಅಂದರೆ ನಾನು ತಲೆಯೊಳಗೆ ಕನ್ನಡಿ ಹಿಡಿದು, ಎಡ ಅಂದರೆ ಬಲ, ಬಲ ಅಂದರೆ ಎಡ ಅಂತ ಲೆಕ್ಕ ಹಾಕುವಷ್ಟರಲ್ಲಿ ಕೆಳಗೆ ಬಿದ್ದಿರುತ್ತಿದ್ದೆ.

ಇಲ್ಲಿ ಕಲಿಸುವ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ಅವನದೂ ಎಡಗಾಲೇ ಮುಂದೆ. ಆದರೆ ಎಡ ಬಲ ಅನ್ನುವ ಮಾತೇ ಆಡುವುದಿಲ್ಲ. "ಮುಂದಿನ ಭುಜ, ಹಿಂದಿನ ಭುಜ" ಅಷ್ಟೇ. ಇಷ್ಟು ಸಣ್ಣ ವಿಷಯ, ಆರು ತಿಂಗಳ ಗೊಂದಲ ಹತ್ತು ನಿಮಿಷಕ್ಕೆ ಹೋಯಿತು.

ಅವನ ಕ್ರಮ ತಲೆಕೆಳಗು. ಹತ್ತುವುದನ್ನು ಹೇಳಿಕೊಡಲೇ ಇಲ್ಲ. ಮೊದಲ ದಿನ ನನ್ನನ್ನು ಕಟ್ಟೆ ಮೇಲೆ ನಿಲ್ಲಿಸಿ, ಬೋರ್ಡನ್ನು ಕೈಯಿಂದಲೇ ಪೈಪಿನ ಮೇಲೆ ಕೂರಿಸಿ, "ಹತ್ತಿ ನಿಂತ್ಕೊಳಿ ಅಣ್ಣ, ಕೈ ಕೊಡಿ" ಅಂದ. ಎರಡೂ ಟ್ರಕ್ಕಿನ ಮೇಲೆ ಸುಮ್ನೆ ನಿಲ್ಲುವುದು, ಅವನ ಎರಡೂ ಕೈ ಹಿಡಿದುಕೊಂಡು. ಎದೆ ಕಟ್ಟೆ ಮೇಲೆ, ಮಂಡಿ ಬಗ್ಗಿ. ಅಲ್ಲಿಂದ ಮುಂದಿನ ಭುಜ ತಿರುಗಿಸಿ ಕೆಳಗಿನ ನೆಲ ನೋಡು, ಮುಂದಿನ ಚಕ್ರ ಎತ್ತಿ ಪೈಪ್ ದಾಟಿಸು, ಮುಂದಿನ ಕಾಲಿಗೆ ಭಾರ ಹಾಕಿ ಇಳಿ. ಎರಡು ಭಾನುವಾರ ಬರೀ ಇದೇ. "ಇಳಿಯೋದು ಬರ್ದೆ ಹತ್ತಿದ್ರೆ ಮೇಲೆ ನಿಂತ್ಕೊಂಡು ಏನ್ ಮಾಡ್ತೀರಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊದಲನೇ ದಿನ ಅವನ ಕೈ ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ ಅಂದರೆ, ಬಿಟ್ಟಾಗ ಅವನು ಬೆರಳು ಮಡಚಿ ಬಿಚ್ಚಿ ನೋಡಿಕೊಂಡ.

ಆಮೇಲೆ ಫ್ರಂಟ್‌ಸೈಡ್ ಕಿಕ್‌ಟರ್ನ್. ಇಳಿಜಾರಿನ ಅರ್ಧದಲ್ಲೇ ಮುಂದಿನ ಚಕ್ರ ಎತ್ತಿ ತಿರುಗಿ ಬರುವುದು, ಪ್ರತಿ ಸಲ ಒಂದೊಂದು ಗೇಣು ಮೇಲೆ. ನೇರ ಹತ್ತಬಾರದು, ಬಿಲ್ಲಿನ ಹಾಗೆ ಬಳಸಿ ಹತ್ತಬೇಕು. ನೇರ ಹತ್ತಿದರೆ ತುದಿಯಲ್ಲಿ ತೊಂಬತ್ತು ಡಿಗ್ರಿ ಒಟ್ಟಿಗೆ ತಿರುಗಬೇಕಾಗುತ್ತದೆ, ಬಳಸಿ ಬಂದರೆ ಅರ್ಧ ತಿರುವು ದಾರಿಯಲ್ಲೇ ಆಗಿರುತ್ತದೆ. ಮೇಲೆ ಮುಟ್ಟಿದಾಗ ಮೊದಲು ಹಿಂದಿನ ಟ್ರಕ್ ಪೈಪಿಗೆ ಕೂರಬೇಕು, ಆಮೇಲೆ ಮುಂದಿನದು. ಇದನ್ನು ಅವನು ಕಣ್ಣಲ್ಲಿ ನೋಡುವುದಿಲ್ಲ, ಕಿವಿಯಲ್ಲಿ ಕೇಳುತ್ತಾನೆ! ಬೇರೆ ಹುಡುಗನ ಬೋರ್ಡಿನ ನಟ್ಟು ಬಿಗಿ ಮಾಡುತ್ತಾ ನನಗೆ ಬೆನ್ನು ಹಾಕಿ ಕೂತಿರುತ್ತಾನೆ. ನಾನು ಮೇಲೆ ಹೋಗಿ ಬಂದರೆ "ಒಂದೇ ಟಣ್ ಬಂತಣ್ಣ. ಎರಡು ಬರಬೇಕು. ಟಣ್, ಆಮೇಲೆ ಟಣ್." ಆರನೇ ವಾರ ಎರಡು ಟಣ್ ಬಂತು. ನಾನು ಮೇಲೆ ನಿಂತಿದ್ದೆ. ನಿಂತಿದ್ದೇನೆ ಅಂತ ಗೊತ್ತಾದ ತಕ್ಷಣ ಖುಷಿಗೆ ಸೆಟೆದು ನೆಟ್ಟಗಾಗಿ ಹಿಂದಕ್ಕೆ ಬಿದ್ದೆ, ಅದು ಬೇರೆ ವಿಷಯ. ಬಿದ್ದಿದ್ದು ಮಂಡಿಯ ಮೇಲೆ, ಜಾರಿಕೊಂಡು ನಡುವಿಗೆ ಬಂದೆ. ಬೀಳುವುದನ್ನೂ ಹಾಗೇ ಕಲಿಸಿದ್ದಾನೆ: ಬೋರ್ಡ್ ಬಿಟ್ಟು, ಮಂಡಿ ಊರಿ, ಜಾರು.

ಮಂಡಿ ಜಾರುವುದು ಅಂದಾಗ ಬಾಡಿಗೆ ಸಾಮಾನಿನ ದೂರು ಬರುತ್ತದೆ. ರ‍್ಯಾಂಪಿಗೆ ಬೇಕಾದ ನೀ ಪ್ಯಾಡಿಗೆ ಮೇಲೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪು ಇರಬೇಕು, ಅದು ಪ್ಲೈವುಡ್ ಮೇಲೆ ಜಾರುತ್ತದೆ. ಇವರು ಬಾಡಿಗೆಗೆ ಕೊಟ್ಟಿದ್ದು ವಾಲಿಬಾಲ್ ಆಡುವವರ ಬಟ್ಟೆ ಸ್ಪಂಜು ಪ್ಯಾಡು. ಅದು ಜಾರುವುದಿಲ್ಲ, ಅಂಟಿಕೊಳ್ಳುತ್ತದೆ. ಮಂಡಿ ಅಲ್ಲೇ ನಿಂತು ಮೈ ಮುಂದಕ್ಕೆ ಹೋಗುತ್ತದೆ, ಅಂಗೈ ಸುಲಿಯುತ್ತದೆ. ಹೆಲ್ಮೆಟ್ ಮೂರಿವೆ, ಒಂದರ ಬಕಲ್ ಮುರಿದು ಶೂ ಲೇಸ್ ಕಟ್ಟಿದ್ದಾರೆ. ಒಳಗಿನ ಬೆವರಿನ ವಾಸನೆ ಬಗ್ಗೆ ಬರೆಯುವುದಿಲ್ಲ, ನೀವು ಊಟ ಮಾಡುತ್ತಾ ಓದುತ್ತಿರಬಹುದು. ಬಾಡಿಗೆ ಬೋರ್ಡುಗಳ ಟ್ರಕ್ ಒಂದೊಂದು ಒಂದೊಂದು ಕಡೆ ಎಳೆಯುತ್ತವೆ, ಬೇರಿಂಗು ಮರಳು ತಿಂದು ಕಿರುಗುಟ್ಟುತ್ತವೆ. ಒಂದು ಬೋರ್ಡಿಗೆ ಬೇಕಿರುವುದು ಎಂಟು ಬೇರಿಂಗು, 608 ನಂಬರಿನದು, ಬೇರಿಂಗ್ ಅಂಗಡಿಯಲ್ಲೇ ಸಿಗುತ್ತದೆ. ಹಾಕಿಸೋಕೆ ಏನು ಕಷ್ಟ? ಇದಕ್ಕೆ ಗಂಟೆಗೆ 100 ರೂಪಾಯಿ ಬೇರೆ. ಎರಡನೇ ವಾರವೇ ನಾನು ಸ್ವಂತ ಪ್ಯಾಡು, ಸ್ವಂತ ಹೆಲ್ಮೆಟ್ಟು ತಗೊಂಡೆ. ನೀವೂ ತಗೊಳ್ಳಿ. ಬೈಕಿನ ಹೆಲ್ಮೆಟ್ ತರಬೇಡಿ, ಕತ್ತು ತಿರುಗಿಸಿ ಕೆಳಗೆ ನೋಡೋಕೇ ಆಗಲ್ಲ, ಈ ಆಟದಲ್ಲಿ ಕತ್ತೇ ಮುಖ್ಯ.

ಈಗ ಎಡಗಡೆ ವಿಷಯ. ಪೈಪು ಇಳಿಜಾರಿನ ಮೈಯಿಂದ ಸ್ವಲ್ಪ ಹೊರಕ್ಕೆ ಚಾಚಿರಬೇಕು. ಒಂದು ಸೆಂಟಿಮೀಟರ್ ಹತ್ತಿರ ಇದ್ದರೆ ಸಾಕು. ಪೂರಾ ಮಟ್ಟಸವಾಗಿದ್ದರೆ ಟ್ರಕ್ ಎಲ್ಲಿ ಕೂತಿತು ಅಂತ ಕಾಲಿಗೆ ಗೊತ್ತಾಗುವುದಿಲ್ಲ. ಜಾಸ್ತಿ ಚಾಚಿದರೆ ಇಳಿಯುವಾಗ ಹಿಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ. ಬಲಗಡೆ ಸರಿಯಾಗಿದೆ. ಎಡಗಡೆ ಕಳೆದ ಮಳೆಗಾಲದಲ್ಲಿ ತಗಡು ಸೋರಿ ಮೇಲಿನ ಪದರ ಉಬ್ಬಿತಂತೆ, ಕಿತ್ತು ಹೊಸದು ಹಾಕುವಾಗ ದುಡ್ಡು ಸಾಲದೆ 12 ಎಂಎಂ ಜಾಗಕ್ಕೆ 6 ಎಂಎಂ ಪ್ಲೈವುಡ್ ಬಡಿದರಂತೆ. ಅಂದರೆ ಮೈ ಆರು ಎಂಎಂ ತಗ್ಗಿತು, ಪೈಪು ಅಷ್ಟೇ ಎದ್ದು ನಿಂತಿತು. ಇದನ್ನು ನನಗೆ ಯಾರೂ ಹೇಳಲಿಲ್ಲ. ಬಲಗಡೆ ಸ್ಟಾಲ್ ಬಂದ ಹುಮ್ಮಸ್ಸಿನಲ್ಲಿ ಎಡಗಡೆಗೂ ಹೋದೆ. ಎರಡು ಟಣ್ ಸರಿಯಾಗೇ ಬಂತು. ಮುಂದಿನ ಭುಜ ತಿರುಗಿಸಿದೆ, ಮುಂದಿನ ಚಕ್ರ ಇಳಿಯಿತು, ಹಿಂದಿನದು ಇಳಿಯಲಿಲ್ಲ. ಬೋರ್ಡ್ ಅಲ್ಲೇ ನೇತಾಡುತ್ತಿದೆ, ನಾನು ಕೆಳಗೆ ಬಲ ಭುಜದ ಮೇಲೆ. ಮೂಳೆ ಮುರಿಯಲಿಲ್ಲ ಪುಣ್ಯ. ಮೂರು ವಾರ ಶರ್ಟ್ ತೋಳು ಹಾಕಿಕೊಳ್ಳೋಕೆ ಹೆಂಡತಿ ಬೇಕಾಯಿತು, ಪ್ರತಿ ಸಲ ಹಾಕುವಾಗ ಅವಳು ಏನೂ ಹೇಳದೆ ಹಾಕುತ್ತಿದ್ದಳು, ಅದೇ ಹೆಚ್ಚು ನೋವು.

ಹುಡುಗ ಮಂಡ್ಯಕ್ಕೇ ಬಂದು ನೋಡಿಕೊಂಡು ಹೋದ, ಆ ತಿಂಗಳ ಫೀಸು ವಾಪಸ್ ಕೊಡೋಕೆ ಬಂದ. ನಾನು ತಗೊಳ್ಳಲಿಲ್ಲ, ಪ್ಲೈವುಡ್ ಹಾಕಿಸಿ ಅಂದೆ. ಐದು ವಾರ ಆಯಿತು, ಇನ್ನೂ ಹಾಕಿಸಿಲ್ಲ. ಅದಕ್ಕೇ ಒಂದೂವರೆ. ಕೊನೇ ಪಕ್ಷ ಆ ಕಡೆ ಒಂದು ಕೆಂಪು ಬಟ್ಟೆ ಕಟ್ಟಬಹುದಿತ್ತು. ಎಷ್ಟು ಒಳ್ಳೇ ಹುಡುಗನಾದರೂ ಇದನ್ನು ನಾನು ಬಿಟ್ಟುಕೊಡುವುದಿಲ್ಲ, ಅಲ್ಲಿ ಎಂಟು ವರ್ಷದ ಮಕ್ಕಳೂ ಹತ್ತುತ್ತಾರೆ.

ಹಾಗಾದರೆ ಮತ್ತೆ ಯಾಕೆ ಹೋಗುತ್ತಿದ್ದೀಯಾ ಅಂತ ಹೆಂಡತಿ ಕೇಳಿದಳು, ನೀವೂ ಕೇಳಬಹುದು. ಕಲಿಸುವವನಿಗೋಸ್ಕರ. ಹೋದ ವಾರ ಬಲಗಡೆ ಹತ್ತಕ್ಕೆ ಆರು ಸಲ ಸ್ಟಾಲ್ ಕೂತು ಇಳಿದೆ. ನನ್ನ ಪಕ್ಕದಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಕ್ಕೆ ಹತ್ತು ಮಾಡಿ, "ಅಂಕಲ್, ನೀವು ಇಳಿಯುವಾಗ ಕಣ್ಣು ಮುಚ್ಕೋತೀರಾ" ಅಂದಳು. ನಿಜ. ಎರಡೂವರೆ ತಿಂಗಳಲ್ಲಿ ನನಗೇ ಗೊತ್ತಾಗಿರಲಿಲ್ಲ.

ಹೋಗುವವರಿಗೆ: ಗಂಟೆಗೆ 300 ರೂಪಾಯಿ, ತಿಂಗಳಿಗೆ ನಾಲ್ಕು ಭಾನುವಾರಕ್ಕೆ 1000. ಬೆಳಿಗ್ಗೆ ಏಳೂವರೆಗೇ ಹೋಗಿ. ಒಂಬತ್ತರ ಮೇಲೆ ಮಕ್ಕಳ ಬ್ಯಾಚ್ ಬರುತ್ತದೆ, ರ‍್ಯಾಂಪಿನ ಮೇಲೆ ಒಂದು ಸರದಿ ಸಿಗೋಕೆ ಹತ್ತು ನಿಮಿಷ ಕಾಯಬೇಕು, ಹತ್ತೂವರೆ ಮೇಲೆ ತಗಡು ಕಾದು ಒಳಗೆ ಕುದಿಯುತ್ತದೆ. ಕುಡಿಯುವ ನೀರು ಮನೆಯಿಂದ ತಗೊಂಡು ಹೋಗಿ. ಸಪಾಟು ಅಡಿಯ ಶೂ ಹಾಕಿ, ಓಡುವ ಶೂ ಬೇಡ. ಜೋರು ಮಳೆ ಬಂದರೆ ಕ್ಲಾಸ್ ಇಲ್ಲ, ಆದರೆ ಮುಂಚೆ ಮೆಸೇಜ್ ಹಾಕುವ ಅಭ್ಯಾಸ ಇವರಿಗಿಲ್ಲ, ನೀವೇ ಫೋನ್ ಮಾಡಿ ಕೇಳಿ. ನಾನು ಒಂದು ಸಲ ಮಂಡ್ಯದಿಂದ ನೆನೆದುಕೊಂಡು ಹೋಗಿ ಬೀಗ ನೋಡಿ ಬಂದಿದ್ದೇನೆ. ಮತ್ತೆ, ಒಳಗೆ ಹೋದ ಮೇಲೆ ಎಡಗಡೆ ಪೈಪಿನ ಮೇಲೆ ಒಂದು ಸಲ ಬೆರಳಿಟ್ಟು ಅಳೆದು ನೋಡಿ. ಪ್ಲೈವುಡ್ ಬದಲಾಗಿದ್ದರೆ ದಯವಿಟ್ಟು ತಿಳಿಸಿ, ಮಾರ್ಕ್ಸ್ ತಿದ್ದುತ್ತೇನೆ.