ಯುಡೈಸ್ ಶಾಲಾ ವರದಿ ಕಾರ್ಡ್: ಪಾವಗಡದ ಕಡೆಯಿಂದ ಐದು ವರ್ಷದ ಬಳಕೆ

ರೇಟಿಂಗ್: 5ಕ್ಕೆ 3. ಯುಡೈಸ್ ಎಂದರೆ ಪ್ರತಿ ಶಾಲೆಯ ಮಕ್ಕಳು, ಶಿಕ್ಷಕರ ಲೆಕ್ಕ ಇಡುವ ಕೇಂದ್ರ ಸರ್ಕಾರದ ದತ್ತಾಂಶ ವ್ಯವಸ್ಥೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾರ ಮಕ್ಕಳು ಎಂಬುದಕ್ಕೆ ಒಳ್ಳೆಯ ದಾಖಲೆ. ಓದು ಹೇಗಿದೆ ಎಂದು ತಿಳಿಯಲು ಇದೊಂದೇ ಸಾಲದು.

ಯುಡೈಸ್ ಜಾಲತಾಣದಲ್ಲಿ ಶಾಲೆಯ ಕೋಡ್, ಅಂದರೆ 29ರಿಂದ ಶುರುವಾಗುವ 11 ಅಂಕಿ ಹಾಕಿದರೆ ಕಾರ್ಡ್ ನೇರ ಸಿಗುತ್ತದೆ. ಕೋಡ್ ಗೊತ್ತಿಲ್ಲದವರು ತುಮಕೂರಿನ ಪಟ್ಟಿಯಲ್ಲಿ ಪಾವಗಡ ಕಾಣದೆ ಕೈಬಿಡುತ್ತಾರೆ. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ, ಅಲ್ಲಿ ಹುಡುಕಿ.

ಕಾರ್ಡ್‌ನ ನಿಜವಾದ ಬೆಲೆ ಇರುವುದು ತರಗತಿವಾರು ದಾಖಲಾತಿಯಲ್ಲಿ. ಗಂಡು, ಹೆಣ್ಣು, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಎಲ್ಲ ಬೇರೆಬೇರೆ ಸಿಗುತ್ತದೆ. ಒಂದೇ ವರ್ಷದ ಕಾರ್ಡ್ ನೋಡಿ ಮುಗಿಸಬೇಡಿ. ಒಂದು ಬ್ಯಾಚನ್ನು ಹಿಡಿದು 8, 9, 10 ಎಂದು ಮೂರು ವರ್ಷದ ಕಾರ್ಡ್ ಪಕ್ಕಪಕ್ಕ ಇಡಿ. ಉದಾಹರಣೆಗೆ, 8ನೇ ತರಗತಿಗೆ 48 ಮಕ್ಕಳು ಸೇರಿ, 40 ಮಂದಿ 10ನೇ ತರಗತಿಯ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತು, 36 ಮಂದಿ ಪಾಸಾದರೆ ಬೋರ್ಡಿನ ಮೇಲೆ ಶೇ. 90 ಎಂದು ಬರೆಯುತ್ತಾರೆ. ಸೇರಿದವರ ಲೆಕ್ಕದಲ್ಲಿ ಅದು ಶೇ. 75. ಆ 8 ಮಕ್ಕಳು ಟಿಸಿ ಪಡೆದು ಬೇರೆ ಶಾಲೆಗೆ ಹೋದರೋ, ಅಪ್ಪ ಅಮ್ಮನ ಜೊತೆ ಕೂಲಿಗೆ ಬೆಂಗಳೂರು ಸೇರಿದರೋ ಕಾರ್ಡ್ ಹೇಳುವುದಿಲ್ಲ. ಮುಖ್ಯ ಶಿಕ್ಷಕರ ಬಳಿ ಸ್ಯಾಟ್ಸ್ (ಪ್ರತಿ ವಿದ್ಯಾರ್ಥಿಯ ಜಾಡು ಇಡುವ ರಾಜ್ಯದ ವ್ಯವಸ್ಥೆ) ದಾಖಲೆ ನೋಡಿಯೇ ತಿಳಿಯಬೇಕು. ಬಿಟ್ಟವರಲ್ಲಿ ಹೆಣ್ಣುಮಕ್ಕಳು ಎಷ್ಟು ಎಂದು ತಪ್ಪದೆ ಕೇಳಿ.

ಮನೆಮಾತು ಇನ್ನೊಂದು ಕೊರತೆ. ಕಾರ್ಡ್‌ನಲ್ಲಿ ಬೋಧನಾ ಮಾಧ್ಯಮ ಕನ್ನಡ ಎಂದಿರುತ್ತದೆ. ಆಂಧ್ರ ಗಡಿಯ ಹಳ್ಳಿಗಳಲ್ಲಿ ಮನೆಯಲ್ಲಿ ಆಡುವುದು ತೆಲುಗು. ಬಾಗೇಪಲ್ಲಿ, ಮುಳಬಾಗಿಲು ಕಡೆಯೂ ಹೀಗೇ. ಇಂಥ ಮಕ್ಕಳಿಗೆ ಗಣಿತದ ಲೆಕ್ಕ ಬರುತ್ತದೆ, ಸಮಾಜ ವಿಜ್ಞಾನದ ದೀರ್ಘ ಉತ್ತರ ಬರೆಯುವಾಗ ಕೈ ನಿಲ್ಲುತ್ತದೆ. ಅದನ್ನು ದಡ್ಡತನ ಎಂದು ಓದುವುದು ದೊಡ್ಡ ತಪ್ಪು.

ಶಿಕ್ಷಕರ ಒಟ್ಟು ಸಂಖ್ಯೆಯನ್ನೂ ನಂಬಿ ಕೂರಬೇಡಿ. ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರ ಹುದ್ದೆ ಒಂದೇ ಖಾಲಿಯಾದರೂ ಗಣಿತ, ವಿಜ್ಞಾನ ಎರಡಕ್ಕೂ ಪೆಟ್ಟು. ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಎಂದು ಕೇಳಿ.

ಫಲಿತಾಂಶವನ್ನು ಶಾಲೆಯಿಂದಲೇ ವಿಷಯವಾರು ತೆಗೆದುಕೊಳ್ಳಿ. 625ರಲ್ಲಿ 125 ಆಂತರಿಕ ಅಂಕ, ಅದನ್ನು ಕೊಡುವುದು ಶಾಲೆಯೇ. ಆದ್ದರಿಂದ ಲಿಖಿತ ಪರೀಕ್ಷೆಯ 500 ಅಂಕವನ್ನು ಮಾತ್ರ ಹೋಲಿಸಿ. ವರ್ಷಗಳನ್ನು ಹೋಲಿಸುವಾಗಲೂ ಎಚ್ಚರ. 2021ರಲ್ಲಿ ಕೋವಿಡ್ ಕಾರಣಕ್ಕೆ ಎರಡೇ ದಿನ ಬಹು ಆಯ್ಕೆ ಪರೀಕ್ಷೆ ನಡೆದು ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಆ ವರ್ಷವನ್ನು ಪಕ್ಕಕ್ಕಿಡಿ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದ ನೇರ ನಿಗಾ) ಬಂದು ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ಆ ವರ್ಷ ಕುಸಿದ ಶಾಲೆಯ ಪಾಠವೇ ಕೆಟ್ಟಿತು ಎನ್ನಲಾಗದು. ಅದೇ ವರ್ಷದಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಶಾಲೆ ಹೇಳುವ ಶೇಕಡಾವಾರು ಪರೀಕ್ಷೆ 1ರದ್ದೋ, ಎಲ್ಲವನ್ನೂ ಸೇರಿಸಿದ್ದೋ ಕೇಳಿ.

ಚಿಕ್ಕ ಶಾಲೆಯಾದರೆ ಶೇಕಡಾವಾರು ಬಿಟ್ಟು ತಲೆ ಎಣಿಸಿ. 20 ಮಕ್ಕಳ ತರಗತಿಯಲ್ಲಿ ಒಬ್ಬರು ಫೇಲಾದರೆ ಶೇ. 5 ಹೋಯಿತು. ಆ ಒಂದು ಮಗು ಪರೀಕ್ಷೆ 2ಕ್ಕೆ ಕೂತಿತೇ, ಅರ್ಜಿ ತುಂಬಿಸಿದವರು ಯಾರು ಎಂದು ವಿಚಾರಿಸಿ.