ಟಿಶ್ಯೂ ಕಲ್ಚರ್ ಕೋಕೋ ಗಿಡ: ನೆಟ್ಟು ನಾಲ್ಕು ವರ್ಷ ಕಳೆದ ಮೇಲೆ ಬರೆದ ರಿವ್ಯೂ

ಗಿಡ ತಂದ ವಾರಕ್ಕೇ ಐದು ಸ್ಟಾರ್ ಕೊಡುವವರನ್ನು ಕಂಡರೆ ನನಗೆ ನಗು ಬರುತ್ತದೆ. ನಾನು ನೆಟ್ಟಿದ್ದು 2021ರ ಜೂನ್‌ನಲ್ಲಿ, ಬರೆಯುತ್ತಿರುವುದು ಈಗ. ಕೋಕೋ ಗಿಡದ ಬಣ್ಣ ಬಯಲಾಗಲು ಅಷ್ಟು ಕಾಲ ಬೇಕು. ಬಣ್ಣ ಅಂದದ್ದು ಬರೀ ಮಾತಿಗಲ್ಲ, ಮುಂದೆ ಗೊತ್ತಾಗುತ್ತದೆ.

ನಮ್ಮದು ಚನ್ನಗಿರಿ ತಾಲ್ಲೂಕು. ಸೂಳೆಕೆರೆ ಕಡೆಯ ಹಳ್ಳಿ. ಎರಡು ಎಕರೆ ಅಡಿಕೆ, ಒಂದು ಬೋರ್. ಅಡಿಕೆ ಸಾಲಿನ ನಡುವೆ ಜಾಗ ಸುಮ್ನೆ ಬಿದ್ದಿದೆಯಲ್ಲ ಎಂದು ಯೋಚಿಸುತ್ತಿದ್ದಾಗ ಒಬ್ಬರು ಬೈಕಿನಲ್ಲಿ ಮನೆಗೇ ಬಂದರು. ಕೈಯಲ್ಲಿ ಬಣ್ಣದ ಕರಪತ್ರ. ಗಾಜಿನ ಬಾಟಲಿಯೊಳಗೆ ಹಸಿರು ಕುಡಿ ಇರುವ ಫೋಟೋ. ‘ಟಿಶ್ಯೂ ಕಲ್ಚರ್ ಕೋಕೋ ಸರ್. ಎಲ್ಲಾ ಗಿಡ ಒಂದೇ ಥರ, ಎಲ್ಲಾ ಕಾಯಿ ಒಂದೇ ಸೈಜು’ ಎಂದರು. ಅಂದರೆ ಬೀಜದಿಂದಲ್ಲ, ತಾಯಿ ಗಿಡದ ಚೂರನ್ನು ಲ್ಯಾಬಿನಲ್ಲಿ ಬೆಳೆಸಿ ಮಾಡಿದ ಗಿಡ. ಗಿಡಕ್ಕೆ 75 ರೂಪಾಯಿ. ನರ್ಸರಿಯ ಹೆಸರು ಬರೆಯುವುದಿಲ್ಲ. ಜಗಳ ಬೇಡ, ಗಿಡದ ಬಗ್ಗೆ ಮಾತಾಡಿದರೆ ಸಾಕು.

ಯಾಕೆ ನಂಬಿದೆ ಎಂದರೆ ಬಾಳೆ. ಜಿ-9 ಬಾಳೆ ಹಾಕಿದವರಿಗೆಲ್ಲ ಗೊತ್ತು, ಟಿಶ್ಯೂ ಕಲ್ಚರ್ ಸಸಿ ನೆಟ್ಟರೆ ಇಡೀ ತೋಟ ಒಟ್ಟಿಗೆ ಗೊನೆ ಹಾಕುತ್ತದೆ, ಕಟಾವಿಗೂ ಒಟ್ಟಿಗೇ ಬರುತ್ತದೆ. ಹಾಗಾಗಿ ನಮ್ಮ ಕಡೆ ಆ ಎರಡು ಪದಕ್ಕೆ ದೊಡ್ಡ ಮರ್ಯಾದೆ. ಯಾವ ಗಿಡದ ಹಿಂದೆ ಅಂಟಿಸಿದರೂ ರೇಟು ಏರುತ್ತದೆ.

ಅಡಿಕೆ 9 ಅಡಿಗೊಂದು ಇದ್ದರೆ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೋಕೋ ಹಾಕಬಹುದು. ಎಕರೆಗೆ 270ರ ಆಸುಪಾಸು ಹಿಡಿಯುತ್ತದೆ. ನನಗೆ ಅಷ್ಟು ಧೈರ್ಯ ಸಾಲದೆ 120 ತರಿಸಿದೆ.

ಸರ್ವೀಸ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹೇಳಿದ ದಿನವೇ ಗಾಡಿ ಬಂತು. ಒಂದು ಕವರೂ ಒಡೆದಿರಲಿಲ್ಲ. ಎಲೆ ಹಸಿರಾಗಿ, ಬೇರು ಬಿಳಿಯಾಗಿ ಇತ್ತು. ಮೊದಲ ತಿಂಗಳಲ್ಲಿ ನಾಲ್ಕು ಗಿಡ ಸತ್ತವು. ಫೋನ್ ಮಾಡಿದ್ದಕ್ಕೆ ಮರುಮಾತಿಲ್ಲದೆ ಬೇರೆ ನಾಲ್ಕು ತಂದುಕೊಟ್ಟರು.

ಆದರೆ ಗಿಡ ಇಳಿಸುವಾಗಲೇ ಒಂದು ಸುಳಿವು ಸಿಕ್ಕಿತ್ತು. ಕೆಲವು ಸಣ್ಣ ಸಸಿಗಳ ಬುಡದ ಮೇಲೆ, ಕಾಂಡಕ್ಕೆ ಅಂಟಿಕೊಂಡು, ಸುಕ್ಕಾದ ಎರಡೆರಡು ಹೋಳು ಇದ್ದವು. ನಮ್ಮ ಮನೆಯವರು ಒಂದನ್ನು ಚಿವುಟಿ ನೋಡಿ, ‘ಇದು ಬೀಜದ ಬೇಳೆ ಅಲ್ವಾ? ಅವರೆ ಸಸಿಗೆ ಇರುತ್ತಲ್ಲ, ಹಾಗೇ ಇದೆ’ ಎಂದರು. ‘ಲ್ಯಾಬಿನಲ್ಲಿ ಮಾಡಿದ್ದು ಕಣೇ, ಅದಕ್ಕೆಲ್ಲಿ ಬೀಜ’ ಎಂದು ನಾನು ಬಾಯಿ ಮುಚ್ಚಿಸಿದೆ. ಆ ಮಾತನ್ನು ಈಗ ವಾರಕ್ಕೊಮ್ಮೆ ನೆನಪಿಸುತ್ತಾರೆ.

ಮೊದಲೆರಡು ವರ್ಷ ಹೇಳುವಂಥದ್ದೇನೂ ಇಲ್ಲ. ಒಂದೇ ಕಾಂಡ ನೆಟ್ಟಗೆ ಎದೆಮಟ್ಟ ಬೆಳೆದು, ಅಲ್ಲಿಂದ ಛತ್ರಿ ಕಡ್ಡಿಯ ಹಾಗೆ ನಾಲ್ಕೈದು ಕೊಂಬೆ ಒಡೆಯಿತು. 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಬೇಸಿಗೆಯಲ್ಲಿ ಬೋರ್ ಬತ್ತಿ, ಊರಿನವರೆಲ್ಲ ಟ್ಯಾಂಕರ್ ನೀರು ಹೊಡೆಸಿ ಅಡಿಕೆ ಉಳಿಸಿಕೊಂಡರು. ಅಡಿಕೆಗೇ ನೀರಿಲ್ಲದಾಗ ಕೋಕೋಗೆ ಯಾರು ಕೊಡುತ್ತಾರೆ? ಅದು ಅಮೆಜಾನ್ ಕಾಡಿನ ಗಿಡ, ನಮ್ಮ ಏಪ್ರಿಲ್ ಬಿಸಿಲಿಗೆ ಎಲೆ ಉದುರಿಸಿ ನಿಂತಿತು. ಹದಿಮೂರು ಹೋದವು. 107 ಉಳಿದವು. ಇದು ನರ್ಸರಿಯವರ ತಪ್ಪಲ್ಲ.

ಅದೇ ಏಪ್ರಿಲ್‌ನಲ್ಲಿ ಕೇರಳದಲ್ಲಿ ಒಣ ಬೀಜ ಕೆಜಿಗೆ ಸಾವಿರ ರೂಪಾಯಿ ದಾಟಿತ್ತು. ಐವರಿ ಕೋಸ್ಟ್, ಘಾನಾದಲ್ಲಿ ಬೆಳೆ ಕೆಟ್ಟಿದ್ದೇ ಕಾರಣ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಆ ಎರಡು ದೇಶದಿಂದಲೇ. ನನ್ನ ಹತ್ತಿರ ಆಗ ಇದ್ದದ್ದು ಬೋಳು ಕೊಂಬೆ.

ಮಳೆ ಬಿದ್ದ ಮೇಲೆ ಹೂ ಬಂತು. ಕೋಕೋ ಹೂ ನೋಡದವರಿಗೆ ಹೇಳುತ್ತೇನೆ, ಅದು ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ. ಹಲಸಿನ ಹಾಗೆ ಕಾಂಡದ ಮೈಮೇಲೇ. ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ನೂರು ಹೂವಿನಲ್ಲಿ ಐದು ಕಾಯಿಯಾದರೆ ಪುಣ್ಯ. ಪರಾಗ ಹೊರುವುದು ಜೇನಲ್ಲ, ಸಾಸಿವೆಯಷ್ಟು ಸಣ್ಣ ನೊಣ. ಅದು ಹುಟ್ಟುವುದು ಕೊಳೆತ ತರಗೆಲೆಯಲ್ಲಿ, ಒಡೆದ ಕೋಕೋ ಸಿಪ್ಪೆಯಲ್ಲಿ. ಹಾಗಾಗಿ ತೋಟವನ್ನು ಅಂಗಳದ ಹಾಗೆ ಗುಡಿಸುವ ನನ್ನ ಚಟ ಬಿಡಬೇಕಾಯಿತು.

ಕಾಯಿ ಕಟ್ಟಿತು. ಆಗ ಬಯಲಾಯಿತು ನೋಡಿ ಬಣ್ಣ. ಒಂದು ಗಿಡದ ಎಳೆಕಾಯಿ ಹಸಿರು, ಪಕ್ಕದ್ದು ಕಡುಗೆಂಪು. ಒಂದರದ್ದು ಸೌತೆಕಾಯಿಯ ಹಾಗೆ ಉದ್ದ, ಮತ್ತೊಂದರದ್ದು ಗುಂಡಗೆ. ಕೆಲವಕ್ಕೆ ಹಾಗಲದ ಹಾಗೆ ಮೈತುಂಬ ಗಂಟು, ಕೆಲವು ನುಣ್ಣಗೆ. 107 ಗಿಡದಲ್ಲಿ ಹತ್ತು ಜಾತ್ರೆಯ ಜನ ಸೇರಿದ ಹಾಗಿತ್ತು.

ನಮ್ಮ ಮಗಳು ದಾವಣಗೆರೆಯಲ್ಲಿ ಬಯೋಟೆಕ್ನಾಲಜಿ ಎಂಎಸ್ಸಿ ಓದುತ್ತಿದ್ದಾಳೆ. ಹಬ್ಬಕ್ಕೆ ಬಂದವಳು ಸಾಲಿನಲ್ಲಿ ಒಂದು ಸುತ್ತು ಹೊಡೆದು, ‘ಅಪ್ಪಾಜಿ, ಇವು ಟಿಶ್ಯೂ ಕಲ್ಚರ್ ಅಲ್ಲ, ಬೀಜದ ಗಿಡ’ ಎಂದಳು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಬಣ್ಣ ಇರಬಹುದಲ್ಲ ಎಂದು ನಾನು ವಾದ ಮಾಡಿದೆ. ‘ಮಕ್ಕಳಾದರೆ ಇರಬಹುದು. ಟಿಶ್ಯೂ ಕಲ್ಚರಿನಲ್ಲಿ ಬರುವುದು ಮಗು ಅಲ್ಲ, ಆ ತಾಯಿಯೇ ಮತ್ತೆ ಮತ್ತೆ’ ಎಂದಳು. ಬುಡದ ಆ ಬೇಳೆಯ ಕಥೆಯನ್ನು ಅವಳ ಅಮ್ಮ ಆಗಲೇ ಶುರು ಮಾಡಿದ್ದರು.

ನರ್ಸರಿಗೆ ಫೋನ್ ಮಾಡಿ ಕೇಳಿದೆ. ‘ಅದು ಮಣ್ಣಿನ ಗುಣ ಸರ್’ ಎಂದರು. ಹಾಗಾದರೆ ನಮ್ಮ ಕಪ್ಪು ಮಣ್ಣಿನಲ್ಲಿ ಇಷ್ಟು ವರ್ಷ ಬೆಳೆದ ಹತ್ತಿಯೆಲ್ಲ ಕಪ್ಪಗಿರಬೇಕಿತ್ತು.

ಮೋಸ ಗೊತ್ತಾದ ಮೇಲೆ ನಾನು ಹಟಕ್ಕೆ ಬಿದ್ದು ತಿಳಿದುಕೊಂಡೆ. ಕೋಕೋದಲ್ಲಿ ಟಿಶ್ಯೂ ಕಲ್ಚರ್ ಎನ್ನುವುದೇ ಸುಳ್ಳು ಎಂದುಕೊಂಡಿದ್ದೆ. ಹಾಗೇನಿಲ್ಲ. ಬಾಳೆಯಲ್ಲಿ ಗೆಡ್ಡೆಯ ಸುಳಿ ತೆಗೆದು ಬಾಟಲಿಯಲ್ಲಿಟ್ಟರೆ ಅದು ಮರಿ ಮೇಲೆ ಮರಿ ಹಾಕುತ್ತದೆ. ಕೋಕೋ ಕುಡಿ ಹಾಗೆ ಮಾತು ಕೇಳುವುದಿಲ್ಲ. ಕತ್ತರಿಸಿದ ಬದನೆಕಾಯಿ ಕಪ್ಪಾಗುತ್ತದಲ್ಲ, ಅದೇ ರೀತಿ ಅದರ ರಸವೇ ಅದನ್ನು ಕಂದು ಮಾಡಿ ಕೊಲ್ಲುತ್ತದೆ. ಅದಕ್ಕೆ ವಿಜ್ಞಾನಿಗಳು ಹಿಡಿದದ್ದು ಹೂವಿನ ದಾರಿ. ಅರಳದ ಮೊಗ್ಗು ಬಿಡಿಸಿ, ಒಳಗಿನ ಎಸಳು ಮತ್ತು ಪರಾಗ ಕೊಡದ ಬಂಜೆ ಕೇಸರಗಳನ್ನು ತೆಗೆದು ಬೆಳೆಸುತ್ತಾರೆ. ಅದರ ಮೇಲೆ ಬೀಜದೊಳಗಿನ ಮೊಳಕೆಯಂಥ ಭ್ರೂಣ ಮೂಡುತ್ತದೆ, ಬೀಜ ಮಾತ್ರ ಇಲ್ಲ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಿಂದ ಇದರ ಮೇಲೆ ಕೆಲಸ ನಡೆದಿದೆ. ಇಂಡೊನೇಷ್ಯಾದ ಜೆಂಬರ್‌ನಲ್ಲಿರುವ ಕಾಫಿ-ಕೋಕೋ ಸಂಶೋಧನಾ ಕೇಂದ್ರ ಇದೇ ದಾರಿಯಲ್ಲಿ ಕೋಟಿಗಟ್ಟಲೆ ಗಿಡ ಮಾಡಿತು. ಅಲ್ಲಿನ ಸರ್ಕಾರ 2009ರಿಂದ ಅವನ್ನು ರೈತರಿಗೆ ಹಂಚಿತು. ಆ ಗಿಡಗಳೂ ಬೀಜದ ಗಿಡದ ಹಾಗೇ ನೆಟ್ಟಗೆ ಬೆಳೆದು ಛತ್ರಿಯಾಗಿ ಒಡೆಯುತ್ತವೆ. ಅಂದರೆ ಎಳೆಗಿಡದ ಆಕಾರ ನೋಡಿ ನನ್ನಂಥವನು ಗುರುತು ಹಿಡಿಯಲು ಆಗುವುದೇ ಇಲ್ಲ. ಮೋಸ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇಕಾ?

ತಮಾಷೆ ಇರುವುದು ಮುಂದೆ. ಅವರು ನಿಜವಾಗಿಯೂ ಒಂದೇ ತಾಯಿಯ 120 ಟಿಶ್ಯೂ ಕಲ್ಚರ್ ಗಿಡ ಕೊಟ್ಟಿದ್ದರೆ ನನ್ನ ಗತಿ ಇನ್ನೂ ಕೆಡಬಹುದಿತ್ತು. ಕೋಕೋದಲ್ಲಿ ಬಹಳಷ್ಟು ಗಿಡಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಸಗೋತ್ರ ಸಂಬಂಧ ಆಗದು ಅನ್ನುತ್ತೇವಲ್ಲ, ಹಾಗೆ. ಇಡೀ ತೋಟ ಅಂಥ ಒಂದೇ ಗಿಡದ ನಕಲಾದರೆ ಹೂವೋ ಹೂವು, ಕಾಯಿ ಮಾತ್ರ ಸೊನ್ನೆ. ಎಲ್ಲಾ ಗಿಡ ಒಂದೇ ಥರ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರಲ್ಲ, ಅದು ಗುಣವಲ್ಲ, ಅಪಾಯ. ನಾಲ್ಕೈದು ಒಳ್ಳೆಯ ತಳಿ ಬೆರೆಸಿ ನೆಡಿ ಎನ್ನುವುದು ತಿಳಿದವರ ಮಾತು.

ಮಗಳು ಇನ್ನೊಂದು ವಿಷಯ ಹೇಳಿದಳು, ಕೇಳಿ ಸ್ವಲ್ಪ ಸಮಾಧಾನವಾಯಿತು. ಕೋಕೋದ ಜೀನ್ ನಕ್ಷೆಯ ಮೊದಲ ಕರಡು 2010ರ ಹೊತ್ತಿಗೆ ಸಿದ್ಧವಾಗಿತ್ತು. ಫ್ರಾನ್ಸಿನ ಸಿರಾಡ್ ಸಂಸ್ಥೆಯವರ ತಂಡ ಕ್ರಿಯೊಲ್ಲೊ ಎಂಬ ಹಳೆಯ ತಳಿಯದ್ದು ಮಾಡಿತು. ಚಾಕೊಲೇಟ್ ಕಂಪನಿ ಮಾರ್ಸ್, ಐಬಿಎಂ ಮತ್ತು ಅಮೆರಿಕದ ಕೃಷಿ ಇಲಾಖೆ ಸೇರಿ ಮಟೀನಾ ಎಂಬ ಇನ್ನೊಂದು ತಳಿಯದ್ದು ಮಾಡಿದರು. ಇದರಿಂದ ಸಸಿ ಇರುವಾಗಲೇ ಎಲೆ ಪರೀಕ್ಷಿಸಿ ರೋಗ ತಡೆಯುವ ಗುಣ ಇದೆಯೋ ಇಲ್ಲವೋ ಅಂದಾಜು ಮಾಡಬಹುದು, ನನ್ನ ಹಾಗೆ ಮೂರು ವರ್ಷ ಕಾಯಬೇಕಿಲ್ಲ. ಕೋಕೋ ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟರೆ ಸಾಯುತ್ತದೆ. ಹಾಗಾಗಿ ತಳಿಗಳನ್ನೆಲ್ಲ ಮರವಾಗಿಯೇ ಉಳಿಸಿಕೊಳ್ಳಬೇಕು. ಟ್ರಿನಿಡಾಡ್‌ನಲ್ಲಿ ಅಂಥ ದೊಡ್ಡ ತೋಟವೇ ಇದೆ. ಡಿಎನ್ಎ ಪರೀಕ್ಷೆ ಬಂದ ಮೇಲೆ ಅಂಥ ಸಂಗ್ರಹಗಳಲ್ಲೂ ಬೇರೆ ಬೇರೆ ಹೆಸರಿನ ಬೋರ್ಡು ಹೊತ್ತ ತಪ್ಪು ಮರಗಳು ಸಿಕ್ಕವಂತೆ. ವಿಜ್ಞಾನಿಗಳ ಕಣ್ಣಿಗೇ ಮಣ್ಣು ಬಿದ್ದಿದೆ, ನಾನ್ಯಾವ ಲೆಕ್ಕ.

ಲೆಕ್ಕ ಅಂದಾಗ ನೆನಪಾಯಿತು, ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಕಳೆದ ವರ್ಷದ ಫಸಲಿನಲ್ಲಿ 107 ಗಿಡದ ಪೈಕಿ 31 ಒಂದು ಕಾಯಿಯನ್ನೂ ಕೊಡಲಿಲ್ಲ. 14 ಗಿಡ ನಲವತ್ತಕ್ಕಿಂತ ಜಾಸ್ತಿ ಕೊಟ್ಟವು. ಉಳಿದವು ಐದು, ಹತ್ತು, ಹೆಸರಿಗೆ. ಅಳಿಲು ತೂತು ಮಾಡಿದ್ದು ಬೇರೆ. ಬೀಜವನ್ನು ಬುಟ್ಟಿಯಲ್ಲಿ ಬಾಳೆಎಲೆ ಮುಚ್ಚಿ ಆರು ದಿನ ಹುಳಿ ಬರಿಸಿ, ಅಡಿಕೆ ಕಣದಲ್ಲೇ ಒಣಗಿಸಿದೆ. ಮನೆಯೆಲ್ಲ ವಿನೆಗರ್ ವಾಸನೆ. ಅಡಿಕೆ ಖೇಣಿದಾರರು ಮೂಗು ಮುಚ್ಚಿಕೊಂಡು ಮಾತಾಡಿ ಹೋದರು. ನಮ್ಮ ಕಡೆ ಹಸಿ ಬೀಜ ಕೊಳ್ಳಲು ಯಾರೂ ಬಾಗಿಲಿಗೆ ಬರುವುದಿಲ್ಲ, ಇದನ್ನು ನೆಡುವ ಮುಂಚೆಯೇ ಯೋಚಿಸಿ. ಒಣಬೀಜ ಘಟ್ಟದ ಕೆಳಗೆ ಕಳಿಸುವ ಹೊತ್ತಿಗೆ ರೇಟು ಜರ್ರನೆ ಇಳಿದಿತ್ತು.

ಹೋಲಿಕೆಗೆ ಹೇಳುತ್ತೇನೆ. ಅದೇ 2024ರ ಮಳೆಗಾಲದಲ್ಲಿ ದಕ್ಷಿಣ ಕನ್ನಡದ ವಿಟ್ಲದಲ್ಲಿರುವ, ತೋಟದ ಬೆಳೆಗಳ ಸಂಶೋಧನೆ ಮಾಡುವ ಕೇಂದ್ರ ಸರ್ಕಾರದ ಸಿಪಿಸಿಆರ್‌ಐ ಕೇಂದ್ರದಿಂದ 25 ಕಸಿ ಗಿಡ ತಂದೆ. ಅಲ್ಲಿ ಕೋಕೋ ಮೇಲೆ ಹತ್ತಾರು ವರ್ಷದಿಂದ ಕೆಲಸ ನಡೆಯುತ್ತಿದೆ, ತಳಿಗೆ ಹೆಸರಿದೆ, ನಂಬರಿದೆ. ಬಾಟಲಿ ಫೋಟೋ ಇಲ್ಲ. ಕಾಂಡದಲ್ಲಿ ಕಸಿ ಕಟ್ಟಿದ ಗಂಟು ಕಣ್ಣಿಗೆ ಕಾಣುತ್ತದೆ, ಅದೇ ಗ್ಯಾರಂಟಿ. ನೋಡಲು ಮಾತ್ರ ಸೊಟ್ಟ. ಕೊಂಬೆಯ ಕುಡಿಯಿಂದ ಮಾಡಿದ ಕಸಿಯಾದ್ದರಿಂದ ನೆಟ್ಟಗೆ ಏಳುವುದಿಲ್ಲ, ಬುಡದಿಂದಲೇ ಹರಡುತ್ತದೆ. ವರ್ಷಕ್ಕೆ ಎರಡು ಸಲ ಸವರಬೇಕು. ಆದರೆ ಈಗಲೇ ಹೂ ತೋರಿಸಿದೆ.

ಹಳೆಯ ಗಿಡಗಳನ್ನು ಕಿತ್ತು ಬಿಸಾಕಲಿಲ್ಲ. ತೀರ್ಥಹಳ್ಳಿ ಕಡೆಯ ಕಸಿ ಕಟ್ಟುವವರನ್ನು ಕರೆಸಿದೆ. ಛತ್ರಿ ಒಡೆದ ಜಾಗದ ಕೆಳಗೆ ಕಾಂಡವನ್ನು ಅರ್ಧ ಕೊಯ್ದು ಬಗ್ಗಿಸಿದರೆ ಬುಡದಿಂದ ಹೊಸ ಚಿಗುರು ಏಳುತ್ತದೆ. ಆ ಚಿಗುರಿಗೆ ನನ್ನದೇ ತೋಟದ ಆ 14 ಒಳ್ಳೆಯ ಗಿಡಗಳ ಕಣ್ಣು ಕೂರಿಸಿದರು. ನಲವತ್ತಕ್ಕೆ ಕಟ್ಟಿಸಿದೆ, 27 ಹಿಡಿದವು.

ಇನ್ನು ಸ್ಟಾರ್. ಗಿಡದ ಆರೋಗ್ಯಕ್ಕೆ, ಸಾಗಣೆಗೆ ನಾಲ್ಕು. ಹೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಇರುವ ಅಂತರಕ್ಕೆ ಸೊನ್ನೆ. ಎರಡು ಸೇರಿಸಿ ಒಂದೂವರೆ ಕೊಡುತ್ತೇನೆ. 20 ರೂಪಾಯಿಗೆ ‘ಬೀಜದ ಗಿಡ’ ಎಂದು ಮಾರಿದ್ದರೆ ಮೂರೂವರೆ ಕೊಡುತ್ತಿದ್ದೆ. ಯಾರಾದರೂ ಟಿಶ್ಯೂ ಕಲ್ಚರ್ ಕೋಕೋ ಎಂದು ಬಂದರೆ, ತಾಯಿ ಗಿಡದ ತಳಿ ಯಾವುದು, ಲ್ಯಾಬ್ ಎಲ್ಲಿದೆ, ಎಷ್ಟು ತಳಿ ಬೆರೆಸಿದ್ದೀರಿ ಎಂದು ಕೇಳಿ. ಆಮೇಲೆ ಬಗ್ಗಿ ಬುಡ ನೋಡಿ.

ಮೊನ್ನೆ ಅವರೇ ಮತ್ತೆ ಫೋನ್ ಮಾಡಿದ್ದರು. ಟಿಶ್ಯೂ ಕಲ್ಚರ್ ಜಾಯಿಕಾಯಿ ಬಂದಿದೆಯಂತೆ, ಹಳೇ ಗಿರಾಕಿ ಎಂದು ನನಗೆ ಡಿಸ್ಕೌಂಟ್ ಅಂತೆ. ಜಾಯಿಕಾಯಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ‘ನಿಮ್ಮದು ಯಾವುದು?’ ಎಂದು ಕೇಳಿದೆ.

‘ಎಲ್ಲಾ ಮಿಕ್ಸ್ ಇದೆ ಸರ್’ ಎಂದರು.